ಕೆಮ್ಮುವ ನಾಯಿಗೆ ವೀರಗಲ್ಲಿಲ್ಲ

ಚೆನ್ನೈನ ವೇಪೇರಿಯಲ್ಲಿರುವ ಮದ್ರಾಸ್ ಪಶುವೈದ್ಯ ಕಾಲೇಜಿನ ಆಸ್ಪತ್ರೆಗೆ ಬರುವ ಸಣ್ಣ ನಾಯಿಗಳ ಪೈಕಿ ಕೆಮ್ಮಿನವು ಯಾವುವೆಂದು ತಿಳಿಯಲು ಚೀಟಿ ನೋಡಬೇಕಿಲ್ಲ. ಟವೆಲ್ಲಿನಲ್ಲಿ ಸುತ್ತಿ ತಂದ ಬಿಳಿ ಪಾಮರೇನಿಯನ್ನನ್ನು ಮೇಜಿನ ಮೇಲೆ ನಿಲ್ಲಿಸುತ್ತಾರೆ. ಡಾಕ್ಟರು ಎರಡು ಬೆರಳಿನಿಂದ ಗಂಟಲಿನ ಬುಡವನ್ನು ಮೆಲ್ಲಗೆ ಒತ್ತುತ್ತಾರೆ. ಒತ್ತಿದ್ದೇ ತಡ, ಕತ್ತು ಮುಂದಕ್ಕೆ ಚಾಚಿ, ಮುಂಗಾಲು ಅಗಲಿಸಿ, ಬಾತುಕೋಳಿ ಕೂಗಿದಂಥ ಒಣ ಸದ್ದು. ಒಂದೆರಡಲ್ಲ, ಹತ್ತಾರು. ಕೊನೆಗೆ ಓಕರಿಕೆ, ಒಂದಿಷ್ಟು ಬಿಳಿ ನೊರೆ. ಕರೆತಂದವರು ‘ಗಂಟಲಲ್ಲಿ ಮೂಳೆ ಸಿಕ್ಕಿಕೊಂಡಿದೆ ಸಾರ್’ ಅನ್ನುತ್ತಾರೆ. ಮನೆಯಲ್ಲಿ ಅನ್ನದ ಉಂಡೆ ನುಂಗಿಸಿ, ಬಾಳೆಹಣ್ಣು ತಿನ್ನಿಸಿ ನೋಡಿ ಆಗಿರುತ್ತದೆ. ಮಾಂಸ ಹೊಸ್ತಿಲು ದಾಟದ ಮನೆಯವರಿಗೂ ಅನುಮಾನ ಮೂಳೆಯ ಮೇಲೆಯೇ.

ಮೂಳೆ ಇರುವುದಿಲ್ಲ. ನಾಯಿಯ ಶ್ವಾಸನಾಳವನ್ನು ಮೂವತ್ತಕ್ಕೂ ಹೆಚ್ಚು ಮೆದುಮೂಳೆಯ ಬಳೆಗಳು ಹಿಡಿದು ನಿಲ್ಲಿಸಿರುತ್ತವೆ. ಈ ಬಳೆಗಳು ಪೂರ್ತಿ ದುಂಡಗಿಲ್ಲ. ಬೆನ್ನಿನ ಕಡೆಯ ಸಂದನ್ನು ತೆಳುವಾದ ಸ್ನಾಯು ಮುಚ್ಚಿರುತ್ತದೆ. ಪಾಮರೇನಿಯನ್, ಯಾರ್ಕ್‌ಶೈರ್ ಟೆರಿಯರ್, ಚಿವಾವಾ ಮುಂತಾದ ಗಿಡ್ಡ ತಳಿಗಳಲ್ಲಿ ವಯಸ್ಸಾದಂತೆ ಬಳೆಗಳು ಬಲ ಕಳೆದುಕೊಳ್ಳುತ್ತವೆ. ಬಿಸಿಲಿಗೆ ಬಿದ್ದ ತೋಟದ ಪೈಪಿನ ಹಾಗೆ ನಾಳ ಚಪ್ಪಟೆಯಾಗುತ್ತದೆ. ವೈದ್ಯರು ಇದನ್ನು ನಾಲ್ಕು ಹಂತಗಳಲ್ಲಿ ಅಳೆಯುತ್ತಾರೆ: ಮೊದಲ ಹಂತದಲ್ಲಿ ದಾರಿ ಕಾಲುಭಾಗ ಕಿರಿದು, ನಾಲ್ಕನೆಯದರಲ್ಲಿ ಹೆಚ್ಚುಕಡಿಮೆ ಮುಚ್ಚಿದಂತೆಯೇ. ಅದೇ ಕೆಮ್ಮು ಹೃದಯದಿಂದಲೂ ಬರಬಹುದು. ಸಣ್ಣ ನಾಯಿಗಳಲ್ಲಿ ಮೈಟ್ರಲ್ ಕವಾಟ ಸವೆದು, ಎಡ ಹೃತ್ಕರ್ಣ ಉಬ್ಬಿ, ಮೇಲಿನ ಶ್ವಾಸನಾಳದ ಕವಲನ್ನು ಒತ್ತುತ್ತದೆ. ಅಥವಾ ಹತ್ತು ನಾಯಿ ಸೇರುವ ಜಾಗದಿಂದ ಅಂಟಿಕೊಂಡು ಬಂದ ‘ಕೆನಲ್ ಕಾಫ್’ ಆಗಿರಬಹುದು. ಅದು ಸಾಮಾನ್ಯವಾಗಿ ಮೂರು ವಾರದೊಳಗೆ ತಾನೇ ಇಳಿಯುತ್ತದೆ. ಮೊದಲ ಎರಡು ಹಾಗಲ್ಲ, ಬಂದರೆ ಹೋಗುವುದಿಲ್ಲ. ಗುಣವಾಗದ, ಆದರೆ ತಕ್ಷಣ ಕೊಲ್ಲದ ಕಾಯಿಲೆ. ಧರ್ಮಶಾಸ್ತ್ರಕ್ಕೆ ಪೇಚು ತರುವುದು ಇಂಥವೇ.

ಡಾಕ್ಟರು ಹೇಳುವ ಮೊದಲ ಮಾತುಗಳಲ್ಲಿ ಔಷಧಿಯ ಹೆಸರೇ ಇರುವುದಿಲ್ಲ. ಕೊರಳಪಟ್ಟಿ ಬಿಚ್ಚಿ, ಎದೆಗೆ ಹಾಕುವ ಹಾರ್ನೆಸ್ ತನ್ನಿ. ತೂಕ ಇಳಿಸಿ. ಬಿಸಿಲಿಗೆ ಒಯ್ಯಬೇಡಿ. ಮನೆಯಲ್ಲಿ ಹೊಗೆ ಹಾಕಬೇಡಿ. ಇಷ್ಟನ್ನು ಪಾಲಿಸಿ, ಕೆಮ್ಮು ತಗ್ಗಿಸುವ ಮಾತ್ರೆ, ಶ್ವಾಸನಾಳ ಹಿಗ್ಗಿಸುವ ಔಷಧಿ, ಬೇಕೆನಿಸಿದಾಗ ಕೆಲವು ದಿನ ಸ್ಟಿರಾಯ್ಡ್ ಕೊಟ್ಟರೆ ಹೆಚ್ಚಿನ ನಾಯಿಗಳು ವರ್ಷಗಟ್ಟಲೆ ನೆಮ್ಮದಿಯಾಗಿರುತ್ತವೆ. ಲೋಹದ ಬಲೆಯ ಸ್ಟೆಂಟ್ ಹಾಕುವುದು ಬೇರೇನೂ ನಡೆಯದಾಗ. ಮನೆಯಲ್ಲಿರುವ ಮನುಷ್ಯರ ಕೆಮ್ಮಿನ ಸಿರಪ್ಪನ್ನು ಮಾತ್ರ ಮುಟ್ಟಬಾರದು. ಸಕ್ಕರೆರಹಿತ ಸಿರಪ್ಪುಗಳಲ್ಲಿ ಇರಬಹುದಾದ ಕ್ಸೈಲಿಟಾಲ್ ನಾಯಿಗೆ ವಿಷ.

ಹೊಗೆಯ ಮಾತು ಬಂದಾಗ ದೇವರ ಕೋಣೆಯ ಬಾಗಿಲು ತೆರೆಯುತ್ತದೆ.

ತಿರುವಲ್ಲಿಕ್ಕೇಣಿಯಲ್ಲಾಗಲಿ, ತ್ಯಾಗರಾಯ ನಗರದಲ್ಲಾಗಲಿ ತಲೆಮಾರುಗಳಿಂದ ನೆಲೆಸಿದ ಕನ್ನಡ ಮನೆಗಳಲ್ಲಿ ಬೆಳಿಗ್ಗೆ ಊದುಬತ್ತಿ, ಸಂಜೆ ಕರ್ಪೂರ. ಶುಕ್ರವಾರ ತಲೆಗೆ ಎರೆದುಕೊಂಡ ಮೇಲೆ ತಮಿಳರಿಂದ ಕಲಿತ ಪದ್ಧತಿಯಂತೆ ಕೆಂಡದ ಮೇಲೆ ಸಾಂಬ್ರಾಣಿ ಹಾಕಿ ಕೋಣೆಕೋಣೆಗೆ ಹಿಡಿಯುತ್ತಾರೆ. ಎರಡು ಬೆಡ್‌ರೂಮಿನ ಫ್ಲಾಟು, ಸೊಳ್ಳೆಗೆ ಹೆದರಿ ಮುಚ್ಚಿದ ಕಿಟಕಿ. ಹೊಗೆ ನೆಲಮಟ್ಟಕ್ಕೆ ಇಳಿಯುವಾಗ ಅಲ್ಲಿ ಮಲಗಿರುವುದು ನಾಯಿ. ಮಡಿಯ ಮನೆಯಾದರೆ ಅದಕ್ಕೆ ದೇವರ ಕೋಣೆಯೊಳಗೆ ಪ್ರವೇಶವಿಲ್ಲ, ಹೊಸ್ತಿಲಾಚೆ ಮುಖ ಚಾಚಿ ಮಲಗುವ ಅಭ್ಯಾಸ. ಒಳಗಿನ ಧೂಪವೆಲ್ಲ ಹೊಸ್ತಿಲಿಗೇ ಬರುತ್ತದೆ. ಮಂಗಳಾರತಿಯ ಗಂಟೆಯ ಜತೆ ಕೆಮ್ಮೂ ಶುರು. ಪ್ರಸಾದದ್ದು ಇನ್ನೊಂದು ಕಥೆ: ತುಪ್ಪದ ಪೊಂಗಲ್, ಮೊಸರನ್ನ, ಕೋಸಂಬರಿ ಮನೆಯವರಿಗೆಷ್ಟೋ ಅದಕ್ಕೂ ಅಷ್ಟೇ. ಆರು ಕಿಲೋ ಇರಬೇಕಾದ ನಾಯಿಗೆ ಒಂದು ಕಿಲೋ ಕೂಡಿದರೆ ಅರವತ್ತು ಕಿಲೋದ ಮನುಷ್ಯನಿಗೆ ಹತ್ತು ಕಿಲೋ ಕೂಡಿದ ಲೆಕ್ಕ. ಪಾಯಸದ ದ್ರಾಕ್ಷಿಯಂತೂ ನಾಯಿಯ ಮೂತ್ರಪಿಂಡಕ್ಕೇ ಅಪಾಯ.

ಸೊಸೆ ಧೂಪ ಬೇಡ ಅನ್ನುತ್ತಾಳೆ, ಅತ್ತೆ ‘ನಾಯಿಗೋಸ್ಕರ ದೇವರಿಗೆ ಧೂಪ ನಿಲ್ಲಿಸಬೇಕೇನಮ್ಮ?’ ಎಂದು ಕೇಳುತ್ತಾರೆ. ಕೇಳಿದ್ದು ಕೋಪದಿಂದಲೇ ಇರಬಹುದು, ಪ್ರಶ್ನೆ ಮಾತ್ರ ದೊಡ್ಡದು. ಜತೆಗೆ ಇನ್ನೊಂದು ಮಾತೂ ಬರುತ್ತದೆ: ‘ಅದರ ಪ್ರಾರಬ್ಧ, ಅನುಭವಿಸಿ ತೀರಿಸಲಿ.’

ಈ ಪ್ರಾರಬ್ಧದ ವಾದಕ್ಕೆ ಶಾಸ್ತ್ರದ ಆಧಾರ ಇದೆ. ಮನುಷ್ಯಜನ್ಮ ಕರ್ಮಯೋನಿ, ಪ್ರಾಣಿಜನ್ಮ ಭೋಗಯೋನಿ. ಪ್ರಾಣಿಗಳು ಹಳೆಯದನ್ನು ಉಣ್ಣುತ್ತವೆ, ಹೊಸದನ್ನು ಗಳಿಸುವುದಿಲ್ಲ. ಆದರೆ ನಾಯಿಯ ಪಾಪಪುಣ್ಯದ ಬಗ್ಗೆ ಕನ್ನಡ ನಾಡು ಒಂದೇ ದನಿಯಲ್ಲಿ ಮಾತಾಡಿಲ್ಲ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಹತ್ತನೇ ಶತಮಾನದ ಶಾಸನಕ್ಕೂ ಚೆನ್ನೈನ ನೆರೆಹೊರೆಗೂ ನಂಟಿದೆ. 949ರಲ್ಲಿ ಅರಕ್ಕೋಣಂ ಹತ್ತಿರದ ತಕ್ಕೋಲದಲ್ಲಿ ರಾಷ್ಟ್ರಕೂಟ ಮೂರನೇ ಕೃಷ್ಣ ಮತ್ತು ಗಂಗರ ಬೂತುಗ ಸೇರಿ ಚೋಳ ರಾಜಾದಿತ್ಯನನ್ನು ಕೊಂದ ಯುದ್ಧವನ್ನು ಆ ಕಲ್ಲು ಹೇಳುತ್ತದೆ. ಆ ಕದನದಲ್ಲಿ ಕಾದಿದ ಮಣಲೇರ ಎಂಬ ವೀರನಿಗೆ ಏನು ಬೇಕೆಂದು ದೊರೆ ಕೇಳಿದಾಗ ಅವನು ಬೇಡಿದ್ದು ‘ಕಾಳಿ’ ಎಂಬ ಬೇಟೆನಾಯಿಯನ್ನು. ಆ ನಾಯಿ ಮುಂದೆ ಕೇಳಲೆಯ ಗುಡ್ಡದಲ್ಲಿ ಒಂದು ದೊಡ್ಡ ಹಂದಿಯ ಮೇಲೆ ಬಿತ್ತು, ಎರಡೂ ಸತ್ತವು. ನಾಯಿಗಾಗಿ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನೆಟ್ಟು, ಭೂಮಿ ಬಿಟ್ಟರು. ಈ ಕಲ್ಲಿಗೆ ಪೂಜೆ ಮಾಡದೆ ಉಂಡರೆ ಗುಡಿಯ ಪೂಜಾರಿಯಾದ ಗೊರವನಿಗೆ ನಾಯಿ ಮಾಡಿದ ಪಾಪ ತಟ್ಟುತ್ತದೆ ಎಂದು ಬರೆಸಿದರು. ಅಂದರೆ ಆ ಕಾಲದ ಕನ್ನಡಿಗನ ಲೆಕ್ಕದಲ್ಲಿ ನಾಯಿಗೆ ಅದರದೇ ಪಾಪದ ಖಾತೆ ಇತ್ತು, ಪೂಜೆಯೂ ಇತ್ತು. ಪಂಡಿತರ ಭೋಗಯೋನಿಯ ಸಿದ್ಧಾಂತಕ್ಕಿಂತ ಇದು ನಾಯಿಗೆ ಹೆಚ್ಚು ಮರ್ಯಾದೆ ಕೊಟ್ಟ ಮಾತು.

ಆದರೂ ಕಾಳಿ ಸತ್ತದ್ದು ಹಂದಿಯ ಕೋರೆಗೆ. ಅದು ಹನ್ನೊಂದನೇ ವಯಸ್ಸಿನಲ್ಲಿ ರಾತ್ರಿಯಿಡೀ ಕೆಮ್ಮಿ ಮಣಲೇರನ ನಿದ್ದೆ ಕೆಡಿಸಿದ್ದರೆ ಯಾರೂ ಕಲ್ಲು ನೆಡುತ್ತಿರಲಿಲ್ಲ. ಪರಂಪರೆ ನಾಯಿಯನ್ನು ನೆನೆಯುವುದು ಅದರ ಶೌರ್ಯಕ್ಕೆ ಇಲ್ಲವೇ ನಿಷ್ಠೆಗೆ. ಮತ್ತೂ ಒಂದು ಸಂಗತಿಯಿದೆ. ಪುರಾಣದ ನಾಯಿ ಕೊನೆಗೆ ನಾಯಿಯಾಗಿ ಉಳಿಯುವುದೇ ಅಪರೂಪ. ಮಹಾಪ್ರಸ್ಥಾನದಲ್ಲಿ ಧರ್ಮರಾಯ ನಾಯಿಯನ್ನು ಬಿಟ್ಟು ಸ್ವರ್ಗದ ರಥ ಹತ್ತಲಾರೆ ಎಂದ ಕೂಡಲೇ ಅದು ಯಮಧರ್ಮನಾಗಿ ನಿಲ್ಲುತ್ತದೆ. (ಈ ಪ್ರಸಂಗ ಕುಮಾರವ್ಯಾಸನಲ್ಲಿ ಇಲ್ಲ. ಅವನು ಗದಾಪರ್ವಕ್ಕೇ ನಿಲ್ಲಿಸಿದ, ಮುಂದಿನದನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಪೂರೈಸಿದ. ಆದರೂ ಗಮಕ ಕೇಳಿ ಬೆಳೆದ ಅಜ್ಜಂದಿರಿಗೆಲ್ಲ ಈ ಕಥೆ ಬಾಯಿಪಾಠ.) 2022ರ ‘777 ಚಾರ್ಲಿ’ ಚಿತ್ರ ನಾಯಕನಿಗೆ ಧರ್ಮ ಎಂದೇ ಹೆಸರಿಟ್ಟು ಕಾಯಿಲೆಯ ನಾಯಿಯೊಡನೆ ಹಿಮದತ್ತ ಕಳಿಸಿತು. ಆ ಚಿತ್ರದ ಹೆಚ್ಚುಗಾರಿಕೆಯೆಂದರೆ ಅಲ್ಲಿ ನಾಯಿ ಯಮಧರ್ಮನಾಗುವುದಿಲ್ಲ. ಅದು ಕಾಯಿಲೆ ಬಿದ್ದ ಲ್ಯಾಬ್ರಡಾರ್, ಅಷ್ಟೇ.

ಜೈನರ ಜೀವಂಧರನ ಕಥೆ ಇನ್ನೂ ಹತ್ತಿರದ್ದು. ತಮಿಳಿನಲ್ಲಿ ತಿರುತ್ತಕ್ಕದೇವರ ‘ಜೀವಕ ಚಿಂತಾಮಣಿ’ಯಾಗಿ ಇದೆ, ಉ.ವೇ. ಸ್ವಾಮಿನಾಥ ಅಯ್ಯರ್ ಅದನ್ನು ತಾಳೆಗರಿಯಿಂದ ಎತ್ತಿ 1887ರಲ್ಲಿ ಅಚ್ಚು ಹಾಕಿಸಿದರು. ಕನ್ನಡದಲ್ಲಿ ಭಾಸ್ಕರ ಕವಿ 1424ರಲ್ಲಿ ಷಟ್ಪದಿಯಲ್ಲಿ ಹೇಳಿದ. ಊಟಕ್ಕೆ ಬಾಯಿ ಹಾಕಿತೆಂದು ಬ್ರಾಹ್ಮಣರು ಬಡಿದು ಕೆಡವಿದ ನಾಯಿಯ ಬಳಿ ರಾಜಕುಮಾರ ಜೀವಂಧರ ಬರುತ್ತಾನೆ. ಬದುಕಿಸಲು ಸಾಧ್ಯವಿಲ್ಲವೆಂದು ಕಂಡು ಅದರ ಕಿವಿಯಲ್ಲಿ ಪಂಚನಮಸ್ಕಾರ ಮಂತ್ರ ಹೇಳುತ್ತಾನೆ. ನಾಯಿ ಸತ್ತು ದೇವನಾಗಿ ಹುಟ್ಟಿ ಮುಂದೆ ಅವನ ಕಷ್ಟಕ್ಕೆ ಒದಗುತ್ತದೆ. ಇಲ್ಲಿಯೂ ಪ್ರತಿಫಲ ಬರುವುದು ನಾಯಿತನ ಕಳೆದ ಮೇಲೆಯೇ. ಆದರೆ ಒಂದು ಮಾತಿಗೆ ಈ ಕಥೆ ಬೆಲೆಯುಳ್ಳದ್ದು: ಸಾಯುತ್ತಿರುವ ನಾಯಿಯ ಪಕ್ಕ ಕುಳಿತುಕೊಳ್ಳುವುದು ರಾಜಕುಮಾರನಿಗೆ ತಕ್ಕ ಕೆಲಸ ಎಂದು ಕವಿಗೆ ಅನ್ನಿಸಿತ್ತು.

ಹಸಿವಿಗೆ ಅನ್ನ, ಕೊಲೆಗೆ ತಡೆ. ದಕ್ಷಿಣದ ಪ್ರಾಣಿದಯೆ ಬಹುಕಾಲ ಈ ಎರಡನ್ನೇ ನೆಚ್ಚಿತ್ತು. ಚೆನ್ನೈನ ಏಳುಕಿಣರಿನ ಬೀದಿಯಲ್ಲಿ ಬೆಳೆದು ವಡಲೂರಿನಲ್ಲಿ 1867ರಲ್ಲಿ ಅನ್ನಸತ್ರ ಕಟ್ಟಿದ ರಾಮಲಿಂಗ ವಳ್ಳಲಾರರು ಜೀವಕಾರುಣ್ಯದ ಮೇಲೆ ಬರೆದ ಗ್ರಂಥದಲ್ಲಿ ಜೀವಿಗಳ ಕಷ್ಟಗಳನ್ನು ಎಣಿಸುತ್ತಾರೆ: ಹಸಿವು, ಕೊಲೆ, ರೋಗ, ಬಾಯಾರಿಕೆ, ಆಸೆ, ಬಡತನ, ಭಯ. ಇವುಗಳಲ್ಲಿ ಹಸಿವು ಮತ್ತು ಕೊಲೆಯನ್ನು ತಪ್ಪಿಸುವುದೇ ಮೇಲು. ರೋಗ ಉಳಿದವುಗಳ ಸಾಲಿಗೆ ಸೇರುತ್ತದೆ. ಕ್ಷಾಮಗಳನ್ನು ಕಂಡ ಹತ್ತೊಂಬತ್ತನೇ ಶತಮಾನಕ್ಕೆ ಅದು ಸರಿಯಾದ ಕ್ರಮ. ಇಂದಿನ ಫ್ಲಾಟಿನ ನಾಯಿಗೆ ಹಸಿವು ಕಷ್ಟವೇ ಅಲ್ಲ, ಅನ್ನ ಹೆಚ್ಚಾದದ್ದೇ ಅರ್ಧ ಕಷ್ಟ. ದಯೆಯ ಪಟ್ಟಿಯಲ್ಲಿ ರೋಗ ಮೇಲಕ್ಕೆ ಬರಬೇಕಾದ ಕಾಲ ಇದು. ಹೊಸ ಮಾತೂ ಅಲ್ಲ. ಕ್ರಿಸ್ತಪೂರ್ವ ಮೂರನೇ ಶತಮಾನದ ಅಶೋಕನ ಎರಡನೇ ಶಿಲಾಶಾಸನ, ಚೋಳ ಪಾಂಡ್ಯರ ನಾಡಿನವರೆಗೂ ಮನುಷ್ಯರಿಗೊಂದು, ಪ್ರಾಣಿಗಳಿಗೊಂದು ಹೀಗೆ ಎರಡು ಬಗೆಯ ಚಿಕಿತ್ಸೆ ಏರ್ಪಡಿಸಿದ್ದನ್ನು ಹೇಳುತ್ತದೆ. ನಡುವೆ ಕೀರ್ತಿವರ್ಮನ ಕನ್ನಡ ‘ಗೋವೈದ್ಯ’ದಂಥ ಪುಸ್ತಕಗಳು ಬಂದದ್ದು ನಿಜ. ಅವು ಉಳುವ, ಕರೆಯುವ ಪ್ರಾಣಿಗಳಿಗೆ. ಉಪಯೋಗವಿಲ್ಲದ, ಮುದಿಯಾದ, ಮಡಿಲಲ್ಲಿ ಕೂತು ಗೊರಗೊರ ಅನ್ನುವ ನಾಯಿಗೆ ಗ್ರಂಥ ಬರೆದವರಿಲ್ಲ.

ಬರೆಯದೆ ಮಾಡಿ ತೋರಿಸಿದವರು ಚೆನ್ನೈನಿಂದ ನಾಲ್ಕೈದು ಗಂಟೆಯ ದಾರಿಯ ತಿರುವಣ್ಣಾಮಲೆಯಲ್ಲಿದ್ದರು. ರಮಣಾಶ್ರಮದಲ್ಲಿ ಲಕ್ಷ್ಮಿ ಎಂಬ ಹಸುವಿನ ಸಮಾಧಿಯ ಜತೆ ಒಂದು ಜಿಂಕೆಯದು, ಕಾಗೆಯದು, ಜಾಕಿ ಎಂಬ ನಾಯಿಯದೂ ಇವೆ. ಜಾಕಿ ಕಾಯಿಲೆ ಬಿದ್ದಾಗ ರಮಣ ಮಹರ್ಷಿಗಳು ಅದಕ್ಕೆ ಮೆತ್ತನೆಯ ಹಾಸಿಗೆ ಮಾಡಿಸಿ ಆರೈಕೆ ಮಾಡಿದರೆಂದು ಆಶ್ರಮದ ಭಕ್ತರು ಬರೆದಿಟ್ಟಿದ್ದಾರೆ. ಅದ್ವೈತದ ಮಾತು ಬೇಕಾದಷ್ಟು ಆಡಬಹುದು. ವಿದ್ಯೆ ವಿನಯವುಳ್ಳ ಬ್ರಾಹ್ಮಣ, ಹಸು, ಆನೆ, ನಾಯಿ ಎಲ್ಲರಲ್ಲೂ ಪಂಡಿತ ಒಂದನ್ನೇ ಕಾಣುತ್ತಾನೆ ಎಂದು ಗೀತೆಯ ಐದನೇ ಅಧ್ಯಾಯ ಹೇಳುವುದನ್ನು ಎಲ್ಲ ಉಪನ್ಯಾಸಗಳಲ್ಲೂ ಕೇಳಬಹುದು. ಆದರೆ ಸಮದರ್ಶನದ ಪರೀಕ್ಷೆ ನಡೆಯುವುದು ಹಾಸಿಗೆ ಒಗೆಯುವ ಹೊತ್ತಿನಲ್ಲಿ. ರಮಣರ ನಾಯಿ ದೇವನಾಗಲಿಲ್ಲ, ಹಂದಿಯನ್ನೂ ಕೊಲ್ಲಲಿಲ್ಲ. ನಾಯಿಯಾಗಿಯೇ ಸತ್ತಿತು, ಆದರೂ ಕಲ್ಲು ಸಿಕ್ಕಿತು.

ಆರೈಕೆ ಎಲ್ಲಿಯವರೆಗೆ? ಕೊನೆಯ ಹಂತದ ನಾಯಿ ನಾಲಿಗೆ ನೀಲಿಗಟ್ಟಿ ಉಸಿರಿಗೆ ತಿಣುಕುವಾಗ ಡಾಕ್ಟರು ‘ಮಲಗಿಸಿಬಿಡೋಣವೇ’ ಅನ್ನುತ್ತಾರೆ. ಪ್ರಾರಬ್ಧದ ವಾದ ಪೂರ್ತಿ ಬಲ ಪಡೆಯುವುದು ಇಲ್ಲಿ: ಮಧ್ಯೆ ಕೊಂದರೆ ಉಳಿದ ಕರ್ಮಕ್ಕೆ ಅದು ಮತ್ತೆ ಹುಟ್ಟಬೇಕು, ಕೊಂದವರಿಗೆ ಪಾಪ. ಜೈನರಲ್ಲಿ ಸಲ್ಲೇಖನ ಉಂಟು, ಶ್ರವಣಬೆಳಗೊಳದ ಬಂಡೆಗಳ ತುಂಬ ಅದರ ನೆನಪು. ಆದರೆ ಅದು ತಾನೇ ತಿಳಿದು ತಾನೇ ಕೈಗೊಳ್ಳುವ ವ್ರತ. ನಾಯಿಯ ಪರವಾಗಿ ಇನ್ನೊಬ್ಬರು ವ್ರತ ಹಿಡಿಯುವ ಹಾಗಿಲ್ಲ.

1928ರಲ್ಲಿ ಸಾಬರಮತಿ ಆಶ್ರಮದಲ್ಲಿ ಒಂದು ಕರು ಗುಣವಾಗದ ನೋವಿನಲ್ಲಿ ಬಿದ್ದಿತ್ತು. ಮಗ್ಗುಲು ಬದಲಿಸುವುದೂ ಅದಕ್ಕೆ ಹಿಂಸೆ. ಪಶುವೈದ್ಯರು ಕೈಚೆಲ್ಲಿದ ಮೇಲೆ ಗಾಂಧೀಜಿ ವೈದ್ಯರೊಬ್ಬರನ್ನು ಕರೆಸಿ, ತಾವೇ ಎದುರಿಗೆ ನಿಂತು, ಚುಚ್ಚುಮದ್ದು ಕೊಡಿಸಿ ಅದರ ಪ್ರಾಣ ತೆಗೆಸಿದರು. ದೇಶದ ತುಂಬ ಗುಲ್ಲೆದ್ದಿತು. ಅದಕ್ಕೆ ಎರಡು ವರ್ಷ ಮೊದಲು ಅಹಮದಾಬಾದಿನ ಗಿರಣಿ ಮಾಲೀಕರೊಬ್ಬರು ಅರವತ್ತು ಬೀದಿನಾಯಿಗಳನ್ನು ಕೊಲ್ಲಿಸಿದಾಗ ಅವರನ್ನು ಸಮರ್ಥಿಸಿ ಬರೆದಿದ್ದಕ್ಕೂ ಗಾಂಧೀಜಿ ಬೈಸಿಕೊಂಡಿದ್ದರು. ಕರುವಿನ ವಿಷಯದಲ್ಲಿ ಅವರು ಬರೆದ ಉತ್ತರ ಎಚ್ಚರದ್ದು. ಕೊಲ್ಲುವುದು ಅಹಿಂಸೆಯಾಗಬೇಕಾದರೆ ನಾಲ್ಕೂ ಕೂಡಿರಬೇಕು ಅಂದರು: ರೋಗ ಗುಣವಾಗದ್ದಾಗಿರಬೇಕು, ಸಂಬಂಧಪಟ್ಟವರೆಲ್ಲ ಆಸೆ ಬಿಟ್ಟಿರಬೇಕು, ಯಾವ ಸೇವೆಯಿಂದಲೂ ಉಪಶಮನ ಸಾಧ್ಯವಿರಬಾರದು, ರೋಗಿ ತನ್ನ ಇಚ್ಛೆ ಹೇಳಲಾಗದ ಸ್ಥಿತಿಯಲ್ಲಿರಬೇಕು.

ಕೆಮ್ಮುವ ನಾಯಿಯ ಮೇಲೆ ಈ ನಾಲ್ಕನ್ನು ಇಟ್ಟು ನೋಡಿದರೆ ಸಿಕ್ಕಿಬೀಳುವುದು ಮೂರನೆಯದು. ರೋಗ ಗುಣವಾಗದ್ದು, ಸರಿ. ನಾಯಿ ಇಚ್ಛೆ ಹೇಳಲಾರದು, ಅದೂ ಸರಿ. ಆದರೆ ಸೇವೆ ಮುಗಿದಿದೆಯೇ? ಕೊರಳಪಟ್ಟಿ ಇನ್ನೂ ಕೊರಳಲ್ಲೇ ಇದ್ದರೆ, ತೂಕ ಇಳಿದಿಲ್ಲದಿದ್ದರೆ, ಎದೆಯ ಎಕ್ಸ್‌ರೇ ಆಗದೆ ಹೃದಯವೋ ಶ್ವಾಸನಾಳವೋ ಎಂಬುದೇ ತಿಳಿಯದಿದ್ದರೆ ದಯಾಮರಣದ ಮಾತು ಎತ್ತಲು ಮನೆಯವರಿಗೆ ಅಧಿಕಾರವಿಲ್ಲ. 2016ರಲ್ಲಿ ಪ್ರಕಟವಾದ ‘ಎಪಿಕ್’ ಅಧ್ಯಯನದ ಪ್ರಕಾರ, ಕವಾಟ ಸವೆದು ಹೃದಯ ಹಿಗ್ಗಿದ್ದರೂ ಇನ್ನೂ ಸೋತಿರದ ನಾಯಿಗಳಿಗೆ ಪಿಮೊಬೆಂಡಾನ್ ಎಂಬ ಔಷಧಿ ಕೊಟ್ಟರೆ ಹೃದಯ ವೈಫಲ್ಯ ಸುಮಾರು 15 ತಿಂಗಳು ಮುಂದೆ ಹೋಗುತ್ತದೆ. ಹನ್ನೆರಡು ಹದಿನಾಲ್ಕು ವರ್ಷ ಬಾಳುವ ಜೀವಕ್ಕೆ ಅದು ಸಣ್ಣ ಗಡುವಲ್ಲ. ಅದೇ ಹೊತ್ತಿಗೆ, ನಾಲ್ಕೂ ನಿಜವಾಗಿ ಕೂಡಿದ ರಾತ್ರಿ ಬಂದಾಗ, ‘ಅದರ ಪ್ರಾರಬ್ಧ’ ಎಂದು ಬಾಗಿಲು ಎಳೆದುಕೊಂಡು ಮಲಗುವುದು ವೈರಾಗ್ಯವಲ್ಲ. ತನ್ನ ಹಲ್ಲುನೋವಿಗೆ ಮಾತ್ರೆ ನುಂಗುವವರು ನಾಯಿಯ ನೋವಿಗೆ ಕರ್ಮಸಿದ್ಧಾಂತ ತೆಗೆಯುವುದು ಕೇವಲ ಅನುಕೂಲಶಾಸ್ತ್ರ. ಔಷಧಿ ಕೊಡುವವರ ಕೈಗೆ ಸಿಕ್ಕಿದ್ದೂ ಆ ನಾಯಿಯ ಪ್ರಾರಬ್ಧವೇ ಆಗಬಾರದೇಕೆ?

ಕಾನೂನಿನ ಮಟ್ಟಿಗೆ ಈ ಚರ್ಚೆ ಇದೇ ಊರಿನಲ್ಲಿ ಒಂದು ಹಂತಕ್ಕೆ ಬಂದಿತು. ಅಡ್ಯಾರಿನಲ್ಲಿ ಕಲಾಕ್ಷೇತ್ರ ಕಟ್ಟಿದ ರುಕ್ಮಿಣೀದೇವಿ ಅರುಂಡೇಲ್ ರಾಜ್ಯಸಭೆಯಲ್ಲಿ ಮಸೂದೆ ತಂದು ಹಟ ಹಿಡಿದದ್ದರ ಫಲವಾಗಿ 1960ರ ಪ್ರಾಣಿಹಿಂಸೆ ತಡೆ ಕಾಯ್ದೆ ಬಂತು. 1962ರಲ್ಲಿ ಪ್ರಾಣಿ ಕಲ್ಯಾಣ ಮಂಡಳಿ ಅವರ ಅಧ್ಯಕ್ಷತೆಯಲ್ಲಿ ಹುಟ್ಟಿ ದಶಕಗಳ ಕಾಲ ಚೆನ್ನೈಯಲ್ಲೇ ಇತ್ತು. ಅದಕ್ಕೂ ಮೊದಲೇ, 1959ರಲ್ಲಿ, ಬ್ಲೂ ಕ್ರಾಸ್ ಆಫ್ ಇಂಡಿಯಾ ಇಲ್ಲಿ ಆರಂಭವಾಗಿತ್ತು. ಕಾಯ್ದೆಯ ಮೂರನೇ ಸೆಕ್ಷನ್, ಪ್ರಾಣಿಯನ್ನು ಇಟ್ಟುಕೊಂಡವರು ಅದರ ಕ್ಷೇಮಕ್ಕೆ ತಕ್ಕ ಎಲ್ಲ ಕ್ರಮ ಕೈಗೊಳ್ಳುವುದು ಕರ್ತವ್ಯ ಎನ್ನುತ್ತದೆ. ಕರ್ತವ್ಯ ಎಂದ ಮೇಲೆ ಅದು ಪುಣ್ಯ ಸಂಪಾದನೆಯ ಬಾಬ್ತಾಗಿ ಉಳಿಯಲಿಲ್ಲ. ಕೆಮ್ಮು ಸಾಕಾಯಿತೆಂದು ಹಳೆಯ ನಾಯಿಯನ್ನು ಆಶ್ರಯಧಾಮದ ಗೇಟಿಗೆ ಕಟ್ಟಿ ಬರುವವರು ಈ ಸೆಕ್ಷನ್ನನ್ನು ಓದಿರುವುದಿಲ್ಲ.

ಅತ್ತೆಯ ಪ್ರಶ್ನೆಗೆ ಮರಳಿದರೆ, ನಾಯಿಗೋಸ್ಕರ ಧೂಪ ನಿಲ್ಲಿಸಬೇಕೇ? ನಿಲ್ಲಿಸಬೇಕು. ಷೋಡಶೋಪಚಾರದಲ್ಲಿ ಧೂಪವೂ ಒಂದು, ನಿಜ. ಇಲ್ಲದ್ದಕ್ಕೆ ಅಕ್ಷತೆ ಹಾಕಿ ಮುಂದುವರಿಯುವ ಪದ್ಧತಿಯೂ ಪೂಜೆ ಬಲ್ಲ ಎಲ್ಲ ಮನೆಗಳಿಗೆ ಗೊತ್ತು. ದೇವರಿಗೆ ಅದರಿಂದ ಕೊರತೆಯಾಗುತ್ತದೆ ಎನ್ನುವವರು ದೇವರನ್ನು ತೀರಾ ಸಣ್ಣವನನ್ನಾಗಿ ಮಾಡುತ್ತಾರೆ. ಬೀದಿಯ ಹೊಗೆಯದು ಬೇರೆ ಪಾಡು. ಭೋಗಿ ಹಬ್ಬದ ಬೆಳಗಿನ ಜಾವ ಹಳೆಯ ಚಾಪೆ, ಟೈರು ಸುಡುವ ಹೊಗೆಗೆ 2018ರಲ್ಲಿ ಚೆನ್ನೈ ವಿಮಾನ ನಿಲ್ದಾಣದಲ್ಲೇ ವಿಮಾನಗಳ ಸಂಚಾರ ಅಸ್ತವ್ಯಸ್ತವಾಯಿತು. ಆ ದಿನ, ದೀಪಾವಳಿಯ ಎರಡು ರಾತ್ರಿ, ಮೇ ತಿಂಗಳ ‘ಅಗ್ನಿ ನಕ್ಷತ್ರ’ದ ಸುಡುಬಿಸಿಲಿನ ಮಧ್ಯಾಹ್ನಗಳಲ್ಲಿ ಇಂಥ ನಾಯಿಯನ್ನು ಕಿಟಕಿ ಮುಚ್ಚಿದ ತಂಪು ಕೋಣೆಯಲ್ಲಿ ಇಡುವುದೊಂದೇ ದಾರಿ. ನಾಯಿ ಬೆವರಿ ತಣ್ಣಗಾಗುವುದಿಲ್ಲ, ಏದುಸಿರಿನಿಂದಲೇ ಮೈ ತಣಿಸಿಕೊಳ್ಳಬೇಕು. ಕಿರಿದಾದ ನಾಳದಲ್ಲಿ ಏದುಸಿರೇ ಮತ್ತೆ ಕೆಮ್ಮು ಎಬ್ಬಿಸುತ್ತದೆ.

ಮನೆಯಲ್ಲಿ ಇಂಥ ನಾಯಿ ಇದ್ದರೆ ಇಂದು ರಾತ್ರಿ ಒಂದು ಕೆಲಸ ಮಾಡಿ. ಅದು ಗಾಢ ನಿದ್ದೆಯಲ್ಲಿದ್ದಾಗ ಎದೆ ಏರಿ ಇಳಿಯುವುದನ್ನು ಒಂದು ಎಂದು ಲೆಕ್ಕ ಹಿಡಿದು, ಗಡಿಯಾರ ನೋಡಿ ಪೂರ್ತಿ ಒಂದು ನಿಮಿಷ ಎಣಿಸಿ, ಕ್ಯಾಲೆಂಡರಿನ ಮೇಲೆ ಬರೆದಿಡಿ. 30ರ ಒಳಗಿದ್ದರೆ ಗಾಬರಿ ಬೇಡ, ನಾಳೆಯೂ ಎಣಿಸಿ. ಪದೇ ಪದೇ 30 ದಾಟುತ್ತಿದ್ದರೆ ಆ ಕ್ಯಾಲೆಂಡರಿನ ಹಾಳೆಯನ್ನೇ ಹಿಡಿದುಕೊಂಡು ಡಾಕ್ಟರ ಬಳಿ ಹೋಗಿ. ನಾಲಿಗೆ, ಒಸಡು ನೀಲಿಗಟ್ಟಿದ್ದು ಕಂಡರೆ ಬೆಳಗಾಗಲೆಂದು ಕಾಯಬೇಡಿ.